ಬಿಸಿಯಾಗಿ ನಿಲ್ಲುವ ಎಂಜಿನ್ ಮತ್ತು ಅನ್ವಯ–ವ್ಯತಿರೇಕ

ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು, ಮಾಲೀಕರು ಮನೆಯ ಶೆಡ್ಡಿನಲ್ಲೇ ರಿಪೇರಿ ಮಾಡಿಕೊಂಡು ಇಂದಿಗೂ ಓಡಿಸುತ್ತಿರುವ ಹಳೆಯ ವಾಹನಗಳಲ್ಲಿ ಪ್ರಮುಖವಾದುದು. ಅಂತಹ ಕಾರಿನ ತೊಂದರೆಯ ಮೂಲವನ್ನು ಕಂಡುಹಿಡಿಯುವ ಕ್ರಮ ಹೇಗಿರಬೇಕೆಂಬುದನ್ನು ಒಬ್ಬ ಹವ್ಯಾಸಿ ಮತ್ತು ಒಬ್ಬ ಅನುಭವಿ ಇಲ್ಲಿ ಚರ್ಚಿಸುತ್ತಾರೆ.

ಹವ್ಯಾಸಿ: ಹಳೆಯ ಸ್ಪೋರ್ಟ್ಸ್ ಕಾರುಗಳ ಮಾತು ಬಂದಾಗಲೆಲ್ಲ ಎಂಜಿಬಿಯನ್ನೇ ಉದಾಹರಣೆಯಾಗಿ ಕೊಡುವುದಕ್ಕೆ ಅಭಿಮಾನವಲ್ಲದೆ ಬೇರೆ ಕಾರಣವೂ ಇದೆಯೇ?

ಅನುಭವಿ: ಅಭಿಮಾನ ಇಲ್ಲವೆಂದರೆ ಸುಳ್ಳಾದೀತು, ಆದರೆ ಅದನ್ನು ಬದಿಗಿಟ್ಟರೂ ಕಾರಣಗಳು ಉಳಿಯುತ್ತವೆ. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದುದರಿಂದ ಅದರ ಬಿಡಿಭಾಗಗಳ ಉತ್ಪಾದನೆ ಇಂದಿಗೂ ನಿಂತಿಲ್ಲ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು ಕಾರಿನ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು. ಇನ್ನು 1798 ಸಿಸಿಯ ಅದರ ನಾಲ್ಕು ಸಿಲಿಂಡರಿನ ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ‘ಬಿ-ಸೀರೀಸ್’ ಬಳಗಕ್ಕೆ ಸೇರಿದ್ದು, ಭಾರತದ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ದುಡಿದ 1489 ಸಿಸಿಯ ಪೆಟ್ರೋಲ್ ಎಂಜಿನ್ ಕೂಡ ಅದೇ ಬಳಗದ್ದು. ಹೀಗಾಗಿ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಅಂಬಾಸಡರ್ ಎಂಜಿನ್ ಬಿಚ್ಚಿ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ಎಂಜಿಬಿಯ ಬಾನೆಟ್ ಎತ್ತಿದರೆ, ಜೋಡಿ ಕಾರ್ಬ್ಯುರೇಟರುಗಳನ್ನು ಬಿಟ್ಟು ಉಳಿದುದೆಲ್ಲ ಅವರಿಗೆ ಹೆಚ್ಚುಕಡಿಮೆ ಪರಿಚಿತವಾಗಿಯೇ ಕಾಣುತ್ತದೆ.

ಹವ್ಯಾಸಿ: ಮನೆಯಲ್ಲಿ ಕೆಲಸ ಮಾಡುವವರಿಗೆ ಮೆಕ್ಯಾನಿಕ್ಕಿನ ಆ ಪಳಗಿದ ಕೈ ಇರುವುದಿಲ್ಲ, ಇರುವುದು ಒಂದು ಕೈಪಿಡಿ, ಒಂದಷ್ಟು ಸ್ಪ್ಯಾನರುಗಳು, ಮತ್ತು ರಜೆಯ ದಿನ ಮಾತ್ರ. ಉದಾಹರಣೆಗೆ, ಅರ್ಧ ಗಂಟೆ ಚೆನ್ನಾಗಿ ಓಡಿದ ಕಾರು ಎಂಜಿನ್ ಬಿಸಿಯಾದ ಮೇಲೆ ಮುಗ್ಗರಿಸಿ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ಪೆಟ್ರೋಲ್ ಫಿಲ್ಟರ್ ಬದಲಿಸುವುದು, ಅದೂ ಆಗದಿದ್ದರೆ ಪಂಪ್ ಹೊಸದು ಹಾಕುವುದು, ಇದು ಸಾಮಾನ್ಯವಾಗಿ ನಡೆಯುವ ಕ್ರಮ. ಇದರಲ್ಲಿ ತಪ್ಪೇನು?

ಅನುಭವಿ: ಕಾರು ನಿಂತಿರುವಾಗ ಏನನ್ನೂ ಪರೀಕ್ಷಿಸದೆ, ಅದು ಸರಿಯಾಗಿ ಓಡುತ್ತಿರುವಾಗ ಎಲ್ಲವನ್ನೂ ಬಿಚ್ಚುವುದು ಮೊದಲ ತಪ್ಪು. ಬಂದು ಹೋಗುವ ದೋಷವನ್ನು ಅದು ಇರುವ ಹೊತ್ತಿನಲ್ಲೇ ವಿಚಾರಿಸಬೇಕು. ಮನೆಗೆ ತಂದು ತಣ್ಣಗಾದ ಮೇಲೆ ನೋಡುವುದು ಜ್ವರ ಬಿಟ್ಟ ರೋಗಿಗೆ ಥರ್ಮಾಮೀಟರ್ ಇಟ್ಟಂತೆ. ಈ ಕಾರಿನಲ್ಲಿ ಮೊದಲ ಸುಳಿವು ಚಾಲಕನ ಕಣ್ಣೆದುರಿಗೇ ಸಿಗುತ್ತದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಟ್ಯಾಕೋಮೀಟರ್ 1964ರ ನಂತರದ ಎಂಜಿಬಿಗಳಲ್ಲಿ ವಿದ್ಯುತ್ತಿನಿಂದ, ಅಂದರೆ ಇಗ್ನಿಷನ್ ಕಾಯಿಲ್‌ಗೆ ಹೋಗುವ ಪ್ರವಾಹದ ಮಿಡಿತದಿಂದ ನಡೆಯುತ್ತದೆ. ಕಾರು ಗೇರಿನಲ್ಲೇ ಇದ್ದು ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿರುವಾಗಲೇ ಆ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಕಾಯಿಲ್‌ನ ಪ್ರಾಥಮಿಕ ಮಂಡಲದಲ್ಲಿ, ಅಂದರೆ 12 ವೋಲ್ಟಿನ ಭಾಗದಲ್ಲಿ, ಪ್ರವಾಹ ಕಡಿದಿದೆಯೆಂದು ಅರ್ಥ. ಮುಳ್ಳು ಎಂಜಿನ್ನಿನ ವೇಗವನ್ನು ಸರಿಯಾಗಿಯೇ ತೋರಿಸುತ್ತ ನಿಧಾನವಾಗಿ ಇಳಿದರೆ ಪೆಟ್ರೋಲಿನ ಮೇಲೆ, ಇಲ್ಲವೇ ಕಾಯಿಲ್‌ನಿಂದ ಪ್ಲಗ್ ವರೆಗಿನ ಹೆಚ್ಚು ವೋಲ್ಟೇಜಿನ ಭಾಗದ ಮೇಲೆ ಅನುಮಾನ ಬರಬೇಕು. ಒಂದು ಸ್ಪ್ಯಾನರನ್ನೂ ಮುಟ್ಟದೆ ಕಾರಿನ ಅರ್ಧ ಭಾಗವನ್ನು ಸಂಶಯದ ಪಟ್ಟಿಯಿಂದ ತೆಗೆದುಹಾಕಿದಂತಾಯಿತು.

ಹವ್ಯಾಸಿ: ಪೆಟ್ರೋಲಿನ ಮೇಲೆಯೇ ಅನುಮಾನ ಬಂತೆಂದು ಇಟ್ಟುಕೊಳ್ಳೋಣ. ರಸ್ತೆಬದಿಯಲ್ಲಿ ನಿಂತು ಅದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಅನುಭವಿ: ಕಿವಿಯಿಂದ. ಆಸನಗಳ ಹಿಂದೆ, ಬ್ಯಾಟರಿಯ ಸಮೀಪದಲ್ಲಿ ಕೂರಿಸಿರುವ ಎಸ್‌ಯು ಕಂಪನಿಯ ವಿದ್ಯುತ್ ಪಂಪ್ ಕೆಲಸ ಮಾಡುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ; ಅದರೊಳಗಿನ ವಿದ್ಯುತ್ಕಾಂತವು ಒಂದು ಡಯಾಫ್ರಮ್, ಅಂದರೆ ಬಾಗುವ ಪೊರೆಯನ್ನು ಎಳೆಯುವುದು, ಪೂರ್ತಿ ಎಳೆದಾಗ ಸಂಪರ್ಕ ತಪ್ಪುವುದು, ಸ್ಪ್ರಿಂಗ್ ಆ ಪೊರೆಯನ್ನು ಹಿಂದಕ್ಕೆ ತಳ್ಳಿ ಪೆಟ್ರೋಲನ್ನು ಮುಂದೆ ದೂಡುವುದು, ಮತ್ತೆ ಸಂಪರ್ಕ ಕೂಡುವುದು, ಇಷ್ಟೇ ಅದರ ವ್ಯಾಪಾರ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಕೀಲಿಯನ್ನು ಮಾತ್ರ ತಿರುಗಿಸಿದಾಗ ಪಂಪ್ ಕೆಲವು ಬಾರಿ ಟಿಕ್ ಎಂದು ಸುಮ್ಮನಾದರೆ ಕಾರ್ಬ್ಯುರೇಟರುಗಳ ತೊಟ್ಟಿ ತುಂಬಿದೆಯೆಂದು ತಿಳಿಯಬೇಕು. ನಿಲ್ಲದೆ ಬಿರುಸಾಗಿ ಬಡಿದುಕೊಂಡರೆ ಟ್ಯಾಂಕ್ ಬರಿದಾಗಿದೆ ಅಥವಾ ಟ್ಯಾಂಕಿನ ಕಡೆಯ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಬಹುಮಟ್ಟಿಗೆ ತೊಟ್ಟಿಯ ಬಾಯಿ ಮುಚ್ಚಬೇಕಾದ ಸೂಜಿ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸದ್ದೇ ಇಲ್ಲದೆ, ಪಂಪಿಗೆ ಮೆಲ್ಲಗೆ ಒಂದು ಏಟು ಕೊಟ್ಟೊಡನೆ ಬಡಿಯತೊಡಗಿದರೆ ಅದರ ಸಂಪರ್ಕ ಬಿಂದುಗಳು ಸುಟ್ಟಿವೆಯೆಂಬುದರಲ್ಲಿ ಸಂಶಯ ಬೇಡ.

ಹವ್ಯಾಸಿ: ಪಂಪ್ ಸರಿಯಾಗಿಯೇ ಟಿಕ್ ಎಂದು ಸುಮ್ಮನಾಯಿತು, ಆದರೂ ಎಂಜಿನ್ ಹಿಡಿಯುತ್ತಿಲ್ಲ ಎಂದಾದರೆ?

ಅನುಭವಿ: ಆಗ ಕಿಡಿಯನ್ನು ನೋಡಬೇಕು. ಒಂದು ಹೆಚ್ಚುವರಿ ಪ್ಲಗ್ಗನ್ನು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ, ಪೆಟ್ರೋಲಿನಿಂದ ದೂರದಲ್ಲಿ ಭದ್ರಪಡಿಸಿ, ಕೈಯಿಂದ ಹಿಡಿಯದೆ, ಮತ್ತೊಬ್ಬರು ಸೆಲ್ಫ್ ಹೊಡೆಯುವಾಗ ಗಮನಿಸಬೇಕು. ಬಲವಾದ ನೀಲಿ ಕಿಡಿ ಬಂದರೆ ಸರಿ, ಬಡಕಲು ಹಳದಿ ಕಿಡಿ ಬಂದರೆ ಕಂಡೆನ್ಸರಿನತ್ತ ತಿರುಗಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಕಾಂಟ್ಯಾಕ್ಟ್ ಪಾಯಿಂಟ್ ಎಂಬ ಜೋಡಿ ತುಂಡುಗಳು ತೆರೆದಾಗ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆಯಷ್ಟೆ. ಆ ಕುಸಿತ ಒಮ್ಮೆಲೇ ಆಗುವಂತೆಯೂ, ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಡದಂತೆಯೂ ನೋಡಿಕೊಳ್ಳುವ ಪುಟ್ಟ ಡಬ್ಬಿಯೇ ಕಂಡೆನ್ಸರ್. ಅದರ ಒಳಗಿನ ನಿರೋಧಕ ಪದರ ದುರ್ಬಲವಾದಾಗ ತಣ್ಣಗಿರುವಾಗ ಕೆಲಸ ಮಾಡಿ, ಬಿಸಿಯಾದಾಗ ಕೈಕೊಡುತ್ತದೆ. ನೋಡುವವರಿಗೆ ಅದು ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟಿದಂತೆಯೇ ಕಾಣುತ್ತದೆ. ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಮಾತ್ರ ತಿಳಿಯುತ್ತದೆ: ಎಂಜಿಬಿಯಲ್ಲಿರುವ ಲೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ ಕೂರಿಸಿದ ತಟ್ಟೆಗೆ ಬರುವ ಒಂದೆರಡು ಅಂಗುಲದ ಮೆತ್ತನೆಯ ತಂತಿ ಇರುತ್ತದೆ, ಎಂಜಿನ್ನಿನ ನಿರ್ವಾತಕ್ಕೆ ತಕ್ಕಂತೆ ಆ ತಟ್ಟೆ ಸದಾ ಹಿಂದೆಮುಂದೆ ಆಡುವುದರಿಂದ ತಂತಿಯ ಎಳೆಗಳು ಹೊದಿಕೆಯ ಒಳಗೇ ತುಂಡಾಗುತ್ತವೆ, ಹೊರಗಿನ ಹೊದಿಕೆ ಮಾತ್ರ ಹೊಸದರಂತೆ ಉಳಿದಿರುತ್ತದೆ. ಆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ಉಳಿದಿಲ್ಲ.

ಹವ್ಯಾಸಿ: ಹಾಗಾದರೆ ಕಂಡೆನ್ಸರನ್ನೂ ತಂತಿಯನ್ನೂ ಪಾಯಿಂಟನ್ನೂ ಒಟ್ಟಿಗೇ ಬದಲಿಸಿಬಿಟ್ಟರೆ ಕೆಲಸ ಮುಗಿಯಿತಲ್ಲ, ಎಲ್ಲ ಸೇರಿದರೂ ದೊಡ್ಡ ಬೆಲೆಯೇನಲ್ಲ.

ಅನುಭವಿ: ತೊಂದರೆ ಹೋದರೂ ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ಆಮೇಲೆ ಯಾರೂ ಹೇಳಲಾರರು. ನಮ್ಮ ನ್ಯಾಯಶಾಸ್ತ್ರವು ಕಾರ್ಯಕಾರಣ ಸಂಬಂಧವನ್ನು ಒಪ್ಪಲು ಎರಡು ಪರೀಕ್ಷೆಗಳನ್ನು ಒಡ್ಡುತ್ತದೆ: ಒಂದಿದ್ದಲ್ಲಿ ಇನ್ನೊಂದಿರುವುದು ಅನ್ವಯ, ಒಂದಿಲ್ಲದಲ್ಲಿ ಇನ್ನೊಂದಿಲ್ಲದಿರುವುದು ವ್ಯತಿರೇಕ. ಹೊಸ ಕಂಡೆನ್ಸರ್ ಹಾಕಿದಾಗ ತೊಂದರೆ ಹೋಯಿತೆಂಬುದು ವ್ಯತಿರೇಕ ಮಾತ್ರ. ಬಿಚ್ಚಿ ಕಟ್ಟುವಾಗ ಸಡಿಲವಿದ್ದ ಒಂದು ತಿರುಪು ಬಿಗಿಯಾದುದೇ ನಿಜವಾದ ಕಾರಣವಿರಬಹುದು. ಹಳೆಯದನ್ನೇ ಮರಳಿ ಹಾಕಿ, ಅದೇ ತೊಂದರೆ ಮರಳಿ ಬಂದರೆ ಅನ್ವಯವೂ ಸಿದ್ಧವಾಯಿತು, ಅಪರಾಧಿ ಸಿಕ್ಕಂತಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮದ ಬುಡ ಇಲ್ಲಿದೆ.

ಹವ್ಯಾಸಿ: ಅಪರಾಧಿಯೆಂದು ಗೊತ್ತಾಗಲಿಕ್ಕಾಗಿ ಕೆಟ್ಟ ಭಾಗವನ್ನೇ ಮತ್ತೆ ಹಾಕುವುದು ತರ್ಕಕ್ಕೆ ಸೊಗಸು, ಆದರೆ ಮಳೆಗಾಲದ ಸಂಜೆ ಬಾನೆಟ್ ಕೆಳಗೆ ಬಗ್ಗಿ ನಿಂತವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಅನುಭವಿ: ಪ್ರತಿ ಸಲವೂ ಬೇಕಾಗಿಲ್ಲ. ಹೊಸದೆಲ್ಲ ಒಳ್ಳೆಯದೆಂಬ ನಂಬಿಕೆ ಈ ಕಾರುಗಳ ವಿಷಯದಲ್ಲಿ ಮೋಸ ಮಾಡುವುದರಿಂದಲೇ ಆ ತಾಳ್ಮೆಗೆ ಬೆಲೆ. ಈಗ ಸಿಗುವ ಕಂಡೆನ್ಸರ್ ಮತ್ತು ರೋಟರ್‌ಗಳಲ್ಲಿ ಕೆಲವು ಮೂಲ ಭಾಗಗಳಿಗಿಂತ ಕಳಪೆಯಾಗಿದ್ದು ಬೇಗನೆ ಕೆಡುತ್ತವೆಂಬುದು ಈ ಕಾರುಗಳನ್ನು ಇಟ್ಟುಕೊಂಡವರಲ್ಲಿ ಬಹುತೇಕರಿಗೆ ಗೊತ್ತಿರುವ ಸಂಗತಿ. ರೋಟರ್ ಎಂದರೆ ಡಿಸ್ಟ್ರಿಬ್ಯೂಟರಿನಲ್ಲಿ ತಿರುಗುತ್ತ ಒಂದೊಂದು ಸಿಲಿಂಡರಿಗೂ ಕಿಡಿಯನ್ನು ಹಂಚುವ ತುಂಡು. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದವರು ಒಂದು ಹಳೆಯ ದೋಷವನ್ನು ಕಳೆದು ಒಂದು ಹೊಸ ದೋಷವನ್ನು ತಂದುಕೊಂಡಿದ್ದರೆ, ಮುಂದಿನ ಹುಡುಕಾಟದಲ್ಲಿ ಆ ಹೊಸ ಭಾಗದ ಮೇಲೆ ಯಾರಿಗೂ ಸಂಶಯ ಬರುವುದೇ ಇಲ್ಲ. ಸರಿಯಾಗಿ ಓಡುತ್ತಿದ್ದ ಹಳೆಯ ರೋಟರನ್ನು ಎಸೆಯದೆ ಡಿಕ್ಕಿಯಲ್ಲಿಟ್ಟುಕೊಳ್ಳುವುದು ಈ ಕಾರಣಕ್ಕೆ ಜಾಣತನ.

ಹವ್ಯಾಸಿ: ಇಷ್ಟು ಹೊತ್ತಾದರೂ ಕಾರ್ಬ್ಯುರೇಟರಿನ ಸುದ್ದಿ ಬರಲಿಲ್ಲವೆಂಬುದು ಆಶ್ಚರ್ಯ. ಹೆಚ್ಚಿನವರ ಕೈ ಮೊದಲು ಹೋಗುವುದೇ ಅಲ್ಲಿಗೆ.

ಅನುಭವಿ: ಅದು ಕೊನೆಗೆ ಬರಬೇಕಾದ್ದರಿಂದಲೇ ಬರಲಿಲ್ಲ. ಮೊದಲು ವಾಲ್ವ್‌ಗಳ ಸಂದು, ಅಂದರೆ ಟ್ಯಾಪೆಟ್. ನಂತರ ಪಾಯಿಂಟ್ ಮತ್ತು ಪ್ಲಗ್. ಆಮೇಲೆ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂಬ ಟೈಮಿಂಗ್. ಇವೆಲ್ಲ ಸರಿಯಾದ ಮೇಲಷ್ಟೇ ಕಾರ್ಬ್ಯುರೇಟರ್. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ಟ್ಯಾಪೆಟ್ಟಿನ ತಪ್ಪಿಗೆ ಕಾರ್ಬ್ಯುರೇಟರನ್ನು ಹೊಂದಿಸಿದಂತಾಗಿ, ಎರಡು ತಪ್ಪುಗಳು ಒಂದನ್ನೊಂದು ಮರೆಸಿಕೊಂಡು ಕೂರುತ್ತವೆ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ತಕ್ಕಂತೆ ಒಂದು ಪಿಸ್ಟನ್ ತಾನಾಗಿ ಏರುತ್ತಿಳಿಯುತ್ತ, ಅದರ ತುದಿಯ ಮೊನಚು ಸೂಜಿಯು ಜೆಟ್ ಎಂಬ ರಂಧ್ರದಿಂದ ಪೆಟ್ರೋಲನ್ನು ಅಳೆದು ಬಿಡುತ್ತದೆ. ಮಿಶ್ರಣ ಸರಿಯಿದೆಯೇ ಎಂದು ನೋಡಲು, ಎಂಜಿನ್ ಬಿಸಿಯಾಗಿ ನಿಧಾನಗತಿಯಲ್ಲಿ ಓಡುತ್ತಿರುವಾಗ ಪಕ್ಕದ ಸಣ್ಣ ಪಿನ್ನಿನಿಂದ ಆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ, ಅಂದರೆ ಅಂಗುಲದ 32ನೇ ಒಂದು ಭಾಗದಷ್ಟು ಎತ್ತಬೇಕು. ಎಂಜಿನ್ನಿನ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ವೇಗ ಕುಸಿದು ಎಂಜಿನ್ ಆರಿಹೋಗುವಂತಾದರೆ ಪೆಟ್ರೋಲ್ ಕಡಿಮೆ. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿ. ಎಚ್‌ಎಸ್4 ಎಂಬ ಮಾದರಿಯಲ್ಲಿ ಕೆಳಗಿನ ಆರು ಮುಖದ ನಟ್ಟನ್ನು ಒಂದು ಮುಖದಷ್ಟು, ಅಂದರೆ ಆರನೇ ಒಂದು ಸುತ್ತು, ಮೇಲಕ್ಕೋ ಕೆಳಕ್ಕೋ ತಿರುಗಿಸಿ ಮತ್ತೆ ಎತ್ತಿ ನೋಡಬೇಕು. ಎಷ್ಟು ತಿರುಗಿಸಿದರೂ ಹದಕ್ಕೆ ಬಾರದಿದ್ದರೆ ದೋಷ ಹೊಂದಾಣಿಕೆಯದಲ್ಲ; ಥ್ರಾಟಲ್ ಚಿಟ್ಟೆಯನ್ನು ಹೊತ್ತ ಕಡ್ಡಿ ಸವೆದು ಅದರ ಪಕ್ಕದಿಂದ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ನೋಡಬೇಕು.

ಹವ್ಯಾಸಿ: ಗಾಳಿ ನುಗ್ಗುವ ಜಾಗವನ್ನು ಹಿಡಿಯಲು ಕ್ಲೀನರ್ ಸ್ಪ್ರೇ ಹೊಡೆದು ಎಂಜಿನ್ ವೇಗ ಬದಲಾಗುವುದೇ ಎಂದು ನೋಡುವವರಿದ್ದಾರೆ.

ಅನುಭವಿ: ಇದ್ದಾರೆ, ಮತ್ತು ಈ ಎಂಜಿನ್ನಿನಲ್ಲಿ ಕೆಂಡದಂತೆ ಕಾಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬ್ಯುರೇಟರುಗಳ ಬದಿಯಲ್ಲೇ, ಅವುಗಳ ಕೆಳಗೇ ಇದೆಯೆಂಬುದನ್ನು ಅವರಲ್ಲಿ ಕೆಲವರು ಮರೆಯುತ್ತಾರೆ. ಉರಿಯುವ ದ್ರವವನ್ನು ಅಲ್ಲಿ ಚಿಮುಕಿಸದಿರುವುದೇ ಲೇಸು.

ಹವ್ಯಾಸಿ: ಬ್ರಿಟಿಷ್ ಕಾರುಪ್ರಿಯರು ಲೂಕಾಸ್ ಕಂಪನಿಯನ್ನು ‘ಕತ್ತಲೆಯ ರಾಜಕುಮಾರ’ ಎಂದು ಹಂಗಿಸುವುದುಂಟು. ವಿದ್ಯುತ್ತಿನ ತೊಂದರೆಗಳೆಲ್ಲ ಆ ಕಂಪನಿಯ ಉಪಕರಣಗಳದೇ ಎಂದು ಒಪ್ಪಬಹುದೇ?

ಅನುಭವಿ: ಹಾಸ್ಯ ಚೆನ್ನಾಗಿದೆ, ತೀರ್ಪು ಸರಿಯಿಲ್ಲ. ಅರ್ಧ ಶತಮಾನ ತೇವದಲ್ಲಿ ನಿಂತ ಕಾರಿನ ತಂತಿಜೋಡಣೆಯ ಮೂತಿಗಳು ಕಿಲುಬು ಹಿಡಿದರೆ ಅದನ್ನು ತಯಾರಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಕಾರುಗಳ ತಂತಿಗಳ ಬಣ್ಣವೇ ಒಂದು ನಕ್ಷೆ: ಕಂದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್ ಕೀಲಿಯ ನಂತರದ್ದು, ಹಸಿರು ಅದೇ ಪ್ರವಾಹ ಫ್ಯೂಸ್ ದಾಟಿದ ಮೇಲಿನದು, ಕಪ್ಪು ಆರ್ಥ್. ದೋಷ ಹುಡುಕುವವರ ಕಣ್ಣಿಗೆ ಹೆಚ್ಚು ಬೀಳದಿರುವುದು ಈ ಕೊನೆಯದೇ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಅವು ಬಾಡಿಯಿಂದ ವಿದ್ಯುತ್ತಿನ ದೃಷ್ಟಿಯಲ್ಲಿ ಬೇರೆಯಾಗಿರುತ್ತವೆ; ಹೆಣೆದ ತಾಮ್ರದ ಒಂದು ಪಟ್ಟಿ ಮಾತ್ರ ಅವನ್ನು ಬಾಡಿಗೆ ಸೇರಿಸುತ್ತದೆ. ಕ್ಲಚ್ ಕೆಲಸಕ್ಕೆ ಎಂಜಿನ್ ಹೊರತೆಗೆದವರು ಆ ಪಟ್ಟಿಯನ್ನು ಮರಳಿ ಕಟ್ಟಲು ಮರೆತರೆ, ಸೆಲ್ಫ್ ಮೋಟರಿನ ಭಾರೀ ಪ್ರವಾಹ ಬ್ಯಾಟರಿಗೆ ಮರಳಲು ಬೇರೆ ದಾರಿ ಹುಡುಕಿಕೊಂಡು ಚೋಕ್ ಕೇಬಲ್ಲಿನಲ್ಲೋ ಆಕ್ಸಿಲರೇಟರ್ ಕೇಬಲ್ಲಿನಲ್ಲೋ ಹರಿಯುತ್ತದೆ. ಸೆಲ್ಫ್ ಬಳಲಿದಂತೆ ತಿರುಗುತ್ತದೆ, ಕೇಬಲ್ ಮುಟ್ಟಲಾಗದಷ್ಟು ಕಾಯುತ್ತದೆ, ಮಾಲೀಕರು ಮಾತ್ರ ಹೊಸ ಬ್ಯಾಟರಿ ಕೊಳ್ಳುತ್ತಾರೆ.

ಹವ್ಯಾಸಿ: ಅದನ್ನು ಮೀಟರಿನಿಂದ ಪತ್ತೆ ಮಾಡುವ ವಿಧಾನವೇನು? ಬ್ಯಾಟರಿ 12 ವೋಲ್ಟಿಗಿಂತ ಹೆಚ್ಚನ್ನೇ ತೋರಿಸುತ್ತದಲ್ಲ.

ಅನುಭವಿ: ಪ್ರವಾಹ ಹರಿಯದಿರುವಾಗ ಕಿಲುಬು ಹಿಡಿದ ಜೋಡಣೆಯೂ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ, ಆದ್ದರಿಂದ ಅಳತೆ ಹೊರೆ ಹೊತ್ತಾಗಲೇ ಆಗಬೇಕು. ಕಾಯಿಲ್‌ನ ಮಧ್ಯದ ವೈರನ್ನು ತೆಗೆದು ಆರ್ಥ್ ಮಾಡಿ, ಎಂಜಿನ್ ಹಿಡಿಯದಂತೆ ನೋಡಿಕೊಂಡು, ಮೀಟರಿನ ಒಂದು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಆರ್ಥ್ ತುದಿಗೂ ಒತ್ತಿ ಹಿಡಿದಿರುವಾಗ ಮತ್ತೊಬ್ಬರು ಸೆಲ್ಫ್ ಹೊಡೆಯಬೇಕು. ಆ ದಾರಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅಷ್ಟು ವೋಲ್ಟೇಜು ಜೋಡಣೆಗಳಲ್ಲೇ ಸೋರಿಹೋಗುತ್ತಿದೆಯೆಂದು ಅರ್ಥ. ಇದನ್ನು ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುತ್ತಾರೆ. 1967ಕ್ಕೆ ಮೊದಲಿನ ಎಂಜಿಬಿಗಳಲ್ಲಿ ಬಾಡಿಗೆ ಸೇರಿಸಿರುವುದು ಬ್ಯಾಟರಿಯ ಪಾಸಿಟಿವ್ ತುದಿಯೆಂಬುದನ್ನು ಮಾತ್ರ ಮರೆಯಬಾರದು. ಅದನ್ನು ಗಮನಿಸದೆ ಇಂದಿನ ರೇಡಿಯೋವನ್ನೋ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನೋ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.

ಹವ್ಯಾಸಿ: ನ್ಯಾಯಶಾಸ್ತ್ರದ ಮಾತು ಬಂದಿತ್ತು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವ ಅದರ ಪ್ರಸಿದ್ಧ ಉದಾಹರಣೆ ಎಕ್ಸಾಸ್ಟಿನ ಹೊಗೆಗೂ ಸಲ್ಲುತ್ತದೆಯೇ?

ಅನುಭವಿ: ಸಲ್ಲುತ್ತದೆ, ಇಲ್ಲಿ ಹೊಗೆಯ ಬಣ್ಣವನ್ನೂ ನೋಡಬೇಕು. ಕಪ್ಪಾದರೆ ಪೆಟ್ರೋಲ್ ಜಾಸ್ತಿ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿಯಾಗಿಯೇ ಉಳಿದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಆದರೆ ನೀಲಿ ಹೊಗೆ ಸವೆದ ಪಿಸ್ಟನ್ ರಿಂಗಿನಿಂದಲೂ ಬರಬಹುದು, ವಾಲ್ವ್ ಗೈಡಿನಿಂದಲೂ ಬರಬಹುದು, ಆದ್ದರಿಂದ ಹೊಗೆಯನ್ನಷ್ಟೇ ನೋಡಿ ಎಂಜಿನ್ ಬಿಚ್ಚುವುದು ದುಡುಕು. ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದು ಸಿಲಿಂಡರಿನ ಒತ್ತಡವನ್ನು ಕಂಪ್ರೆಷನ್ ಗೇಜಿನಿಂದ ಅಳೆಯಬೇಕು. ಒಂದರಲ್ಲಿ ಒತ್ತಡ ಕಡಿಮೆಯಿದ್ದರೆ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಆಯಿಲ್ ರಿಂಗುಗಳ ಸುತ್ತ ನಿಂತು ಸಂದನ್ನು ಮುಚ್ಚುವುದರಿಂದ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಸಂಶಯಿಸಬೇಕು.

ಹವ್ಯಾಸಿ: ಕೆಳಗಿನಿಂದ ಬರುವ ಸದ್ದುಗಳ ವಿಷಯ? ಗೇರ್ ಹಾಕಿ ಹೊರಡುವಾಗ ‘ಟಕ್’ ಎಂಬ ಏಟಿನ ಶಬ್ದ ಬಂದರೆ ಗೇರ್‌ಬಾಕ್ಸ್ ಹೋಯಿತೆಂದೇ ಹೇಳುತ್ತಾರೆ.

ಅನುಭವಿ: ಕಡ್ಡಿಚಕ್ರದ ಕಾರಾದರೆ ಮೊದಲು ಚಕ್ರವನ್ನೇ ನೋಡಬೇಕು. ಹಬ್ಬಿನ ಹಲ್ಲುಗೆರೆಗಳು ಸವೆದಾಗ, ಹ್ಯಾಂಡ್‌ಬ್ರೇಕ್ ಬಿಗಿದಿದ್ದರೂ ಚಕ್ರ ಹಬ್ಬಿನ ಮೇಲೆ ತುಸು ಹಿಂದೆಮುಂದೆ ಆಡುತ್ತದೆ. ಅದು ಸರಿಯಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ನಂತರ ಡಿಫರೆನ್ಷಿಯಲ್ಲಿನ ವಾಷರುಗಳು. ಗೇರ್‌ಬಾಕ್ಸಿನ ಸರದಿ ಬರುವುದು ಇವೆಲ್ಲ ಆದ ಮೇಲೆ. ಹಾಗೆಯೇ ಓವರ್‌ಡ್ರೈವ್, ಅಂದರೆ ಮೇಲಿನ ಗೇರುಗಳಲ್ಲಿ ಎಂಜಿನ್ ವೇಗ ತಗ್ಗಿಸುವ ಹೆಚ್ಚುವರಿ ಗೇರು, ಹಿಡಿಯದಿದ್ದರೆ ಮೊದಲು ಅದರ ಸ್ವಿಚ್ ಮತ್ತು ತಂತಿಯನ್ನು ನೋಡಬೇಕು. ಅದು ಬಿಡದೆ ಸಿಕ್ಕಿಕೊಂಡಿದ್ದರಂತೂ ಕಾರನ್ನು ಅಪ್ಪಿತಪ್ಪಿಯೂ ಹಿಂದಕ್ಕೆ ಓಡಿಸಬಾರದು, ಒಳಗಿನ ಏಕಮುಖ ಕ್ಲಚ್ ಮುರಿಯುತ್ತದೆ. ಇವನ್ನೆಲ್ಲ ನೋಡಲು ಕಾರಿನ ಕೆಳಗೆ ಹೋಗುವವರು ಬರೀ ಜಾಕನ್ನು ನಂಬದೆ ಆಕ್ಸಲ್ ಸ್ಟ್ಯಾಂಡ್ ಇಡಬೇಕು.

ಹವ್ಯಾಸಿ: ಕೊನೆಗೊಂದು ಪ್ರಶ್ನೆ. ಮನೆಯಲ್ಲಿ ಮುಗಿಯುವ ಕೆಲಸ ಮತ್ತು ಎಂಜಿನಿಯರಿಂಗ್ ವರ್ಕ್ಸ್‌ಗೆ ಒಯ್ಯಲೇಬೇಕಾದ ಕೆಲಸ, ಇವೆರಡರ ನಡುವಿನ ಗೆರೆ ಗೊತ್ತಾಗುವುದು ಹೇಗೆ?

ಅನುಭವಿ: ಟ್ಯಾಪೆಟ್ಟಿನ ವಿಷಯದಲ್ಲಿ ಆ ಗೆರೆ ಬಹಳ ಸ್ಪಷ್ಟ. ಎಂಜಿನ್ ತಣ್ಣಗಿರುವಾಗ ವಾಲ್ವ್ ಮತ್ತು ರಾಕರ್ ನಡುವೆ 0.015 ಅಂಗುಲ, ಅಂದರೆ 0.38 ಮಿಲಿಮೀಟರ್ ಸಂದು ಇರಬೇಕು. ಎಂಟು ವಾಲ್ವ್‌ಗಳಲ್ಲಿ ಯಾವುದನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಒಂಬತ್ತರ ಲೆಕ್ಕವೊಂದಿದೆ: ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದು, ಆರನೆಯದು ತೆರೆದಿರುವಾಗ ಮೂರನೆಯದು, ಹೀಗೆ ತೆರೆದದ್ದು ಮತ್ತು ಅಳೆಯುವುದು ಕೂಡಿದರೆ ಯಾವಾಗಲೂ ಒಂಬತ್ತಾಗಬೇಕು. ಫೀಲರ್ ಗೇಜಿನ ತೆಳು ಹಾಳೆ ಆ ಸಂದಿನಲ್ಲಿ ಸ್ವಲ್ಪ ತಡೆದು ಜಾರಿದರೆ ಅಳತೆ ಸರಿಯೆಂದು ತಿಳಿದು, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ಹವ್ಯಾಸಿ: ಸರಿಪಡಿಸಿದ ಮೇಲೆ ಬರೆದಿಡುವುದರಿಂದ ಪ್ರಯೋಜನವೇನು?

ಅನುಭವಿ: ಸರಿಪಡಿಸುವುದಕ್ಕೆ ಮೊದಲಿನ ಅಳತೆಯನ್ನೇ ಬರೆಯಬೇಕು. ಈ ಎಂಜಿನ್ನನ್ನು ರೂಪಿಸಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಅದು ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿನ ಮೇಲೆ ತೆಳುವಾದ ರಕ್ಷಾಪದರವಾಗಿ ನಿಲ್ಲುತ್ತಿತ್ತು. ಬ್ರಿಟನ್ನಿನಲ್ಲಿ 2000ದ ಆರಂಭಕ್ಕೆ ಅಂತಹ ಪೆಟ್ರೋಲ್ ಮಾರಾಟ ನಿಂತಿತು, ಭಾರತದಲ್ಲೂ ಅದೇ ವರ್ಷ ನಿಂತಿತು. ಅಲ್ಲಿಂದೀಚೆಗೆ, ಹೆಡ್ಡಿನ ಮೂಲ ಸೀಟುಗಳನ್ನೇ ಉಳಿಸಿಕೊಂಡ ಎಂಜಿನ್ನನ್ನು ಬಹಳ ವೇಗದಲ್ಲಿ ದುಡಿಸಿದರೆ ವಾಲ್ವ್ ತನ್ನ ಸೀಟಿನೊಳಕ್ಕೆ ಸ್ವಲ್ಪಸ್ವಲ್ಪವಾಗಿ ಹುದುಗುತ್ತ ಹೋಗುತ್ತದೆ, ಅದರಿಂದ ಮೇಲಿನ ಸಂದು ಕಿರಿದಾಗುತ್ತದೆ. ಈ ಎಂಜಿನ್ನಿನಲ್ಲಿ ಒಂದು, ನಾಲ್ಕು, ಐದು, ಎಂಟನೆಯವು ಎಕ್ಸಾಸ್ಟ್ ವಾಲ್ವ್‌ಗಳು, ಉಳಿದ ನಾಲ್ಕು ಇಂಟೇಕ್. ಪ್ರತಿ ಸಲ ಅಳೆದಾಗಲೂ ಎಂಟೂ ಸಂದುಗಳು ಅಷ್ಟಿಷ್ಟು ಬದಲಾಗಿದ್ದರೆ ಅದು ಸಹಜ ಸವೆತ. ಎರಡು, ಮೂರು, ಆರು, ಏಳು ಇದ್ದಂತೆಯೇ ಇದ್ದು, ಉಳಿದ ನಾಲ್ಕು ಮಾತ್ರ ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಟ್ಯಾಪೆಟ್ ಸರಿಪಡಿಸಿ ಪ್ರಯೋಜನವಿಲ್ಲ. ಹೆಡ್ ಬಿಚ್ಚಿ ಗಟ್ಟಿ ಲೋಹದ ಹೊಸ ಸೀಟುಗಳನ್ನು ಕೂರಿಸಲು ಕೊಡಬೇಕು.